ನಡೆದು ಹೋಗುವವರ ಎಚ್ಚರ

(ದತ್ತಿ ಉಪನ್ಯಾಸದ ಬರಹರೂಪ)



ಈ ಉಪನ್ಯಾಸಕ್ಕೆ ಕರೆದವರು ವಿಷಯವನ್ನು ನನಗೇ ಬಿಟ್ಟಿದ್ದರು. ದಿನದಿನದ ಸುರಕ್ಷತೆಯ ಬಗ್ಗೆ ಮಾತಾಡುತ್ತೇನೆ ಎಂದೆ. ಹಾಗಾದರೆ ಪೊಲೀಸ್ ಇಲಾಖೆಯವರನ್ನೂ ವೇದಿಕೆಗೆ ಕರೆಯೋಣವೇ ಎಂದು ಸಂಚಾಲಕರು ಕೇಳಿದರು. ಸಹಜವೇ. ಸುರಕ್ಷತೆ ಎಂದಕೂಡಲೇ ಈಗ ನಮ್ಮ ಕಣ್ಣ ಮುಂದೆ ಬರುವುದು ಬೀಗ, ಕಿಟಕಿಯ ಸರಳು, ಸಿಸಿಟಿವಿ ಕ್ಯಾಮೆರಾ, ಯಾರಿಗೂ ಹೇಳಬಾರದ ಒಟಿಪಿ. ಆದರೆ ಸಕಲೇಶಪುರ, ಆಲೂರು, ಯಸಳೂರಿನ ಕಡೆ ನಾವು ಯಾರಿಗೆ ಅಂಜಿ ಬದುಕುತ್ತೇವೋ ಆ ಜೀವಕ್ಕೆ ಬೀಗ ಗೊತ್ತಿಲ್ಲ. ಬಾಗಿಲು ಗೊತ್ತಿಲ್ಲ. ಗೋಡೆಯ ಮೇಲೂ ಅದಕ್ಕೆ ಅಂಥ ಗೌರವವಿಲ್ಲ.

ಆನೆಯ ವಿಷಯ ಎಂದರೆ ನಮ್ಮಲ್ಲಿ ಎರಡು ಭಾಷಣ ತಯಾರಾಗಿಯೇ ಇರುತ್ತವೆ. ಒಂದು, ಆನೆಗಳನ್ನೆಲ್ಲ ಹಿಡಿದು ಸಾಗಿಸಿ ಎನ್ನುವುದು. ಇನ್ನೊಂದು, ಅವುಗಳ ಜಾಗಕ್ಕೆ ನಾವು ಹೋಗಿದ್ದೇವೆ, ನಾವೇ ತಗ್ಗಬೇಕು ಎನ್ನುವುದು. ಮೊದಲನೆಯದನ್ನು ತಾಲ್ಲೂಕು ಕಚೇರಿಯ ಮುಂದೆ ಕೇಳುತ್ತೇವೆ, ಎರಡನೆಯದನ್ನು ಬೆಂಗಳೂರಿನ ವಿಚಾರ ಸಂಕಿರಣಗಳಲ್ಲಿ. ಇವತ್ತು ಎರಡನ್ನೂ ಬದಿಗಿಡುತ್ತೇನೆ. ಆನೆ ಇದೆ, ನಾಳೆಯೂ ಇರುತ್ತದೆ. ಹೀಗಿರುವಾಗ ಬೆಳಿಗ್ಗೆ ಕೆಲಸಕ್ಕೆ ಹೋದವರು ಸಂಜೆ ಮನೆಗೆ ಬರುವುದು ಹೇಗೆ, ಅದಕ್ಕೆ ಯಾರು ಏನು ಮಾಡುತ್ತಿದ್ದಾರೆ, ಯಾರು ಮಾಡುತ್ತಿಲ್ಲ ಎಂಬಷ್ಟನ್ನೇ ಹೇಳುತ್ತೇನೆ.

ಹೊರಗಿನಿಂದ ಬಂದವರಿಗಾಗಿ ಒಂದಿಷ್ಟು ಹಿನ್ನೆಲೆ. ಘಟ್ಟದ ಅಂಚನ್ನು ಬಿಟ್ಟರೆ ಹಾಸನ ಜಿಲ್ಲೆಯ ಪಶ್ಚಿಮದಲ್ಲಿ ದೊಡ್ಡ ಕಾಡೇನೂ ಉಳಿದಿಲ್ಲ. ಇರುವುದು ಕಾಫಿ ತೋಟ, ನಡುವೆ ಗದ್ದೆಯ ಬಯಲು, ಅಲ್ಲಲ್ಲಿ ಮೀಸಲು ಅರಣ್ಯದ ತುಂಡು, ಅಕೇಶಿಯಾ ನೆಡುತೋಪು. ಗೊರೂರಿನ ಹೇಮಾವತಿ ಜಲಾಶಯ 1979ರಲ್ಲಿ ಮುಗಿದ ಮೇಲೆ ಹಿನ್ನೀರಿನ ಅಂಚಿನ ಎಷ್ಟೋ ಜಮೀನು ಪಾಳುಬಿದ್ದು ಲಾಂಟಾನ ಬೆಳೆದುಕೊಂಡಿತು. ಹಗಲು ನಿಲ್ಲಲು ಪೊದೆ, ಕುಡಿಯಲು ಕೆರೆ, ರಾತ್ರಿ ಮೇಯಲು ಬಾಳೆ, ಭತ್ತ, ಹಲಸು, ಬೈನೆ. ಆನೆಗೆ ಇನ್ನೇನು ಬೇಕು? ಕೊಡಗಿನ ಉತ್ತರದಿಂದ ಬಂದುಹೋಗುತ್ತಿದ್ದವು ಇಲ್ಲೇ ನಿಂತವು, ಇಲ್ಲೇ ಮರಿ ಹಾಕಿದವು. ಕಾಫಿಯ ನೆರಳಲ್ಲೇ ಹುಟ್ಟಿ ಬೆಳೆದ ಆನೆಗೆ ತೋಟವೇ ತವರು. ಅದನ್ನು 'ಕಾಡಿಗೆ ಓಡಿಸಿ' ಎಂದರೆ ಯಾವ ಕಾಡಿಗೆ ಎಂಬುದು ಅದಕ್ಕೂ ತಿಳಿಯದು, ಓಡಿಸುವವರಿಗೂ ತಿಳಿಯದು.

ಹೈಕೋರ್ಟ್ ಆದೇಶದಂತೆ ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಆನೆಗಳು ಇರಬೇಕಾದ ವಲಯ, ಆನೆ ಮನುಷ್ಯರಿಬ್ಬರೂ ಹೊಂದಿಕೊಂಡು ಇರಬೇಕಾದ ವಲಯ, ಆನೆಗಳನ್ನು ತೆರವು ಮಾಡಬೇಕಾದ ವಲಯ ಎಂದು ಅದು ರಾಜ್ಯವನ್ನು ಮೂರು ಬಗೆಯಾಗಿ ನೋಡಿತ್ತು. ಆಲೂರಿನ ಸುತ್ತಮುತ್ತ ಮೂರನೆಯ ಗುಂಪಿಗೆ ಸೇರಿತು. 2014ರಲ್ಲಿ ಅಲ್ಲಿಂದ 22 ಆನೆಗಳನ್ನು ಹಿಡಿದು ಸಾಗಿಸಿದ್ದೂ ಆಯಿತು. ಕೆಲಕಾಲ ಉಸಿರಾಡಿದೆವು. ಆಮೇಲೆ ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಜನರ ಮೇಲೆ ಎರಗುವುದನ್ನೇ ರೂಢಿ ಮಾಡಿಕೊಂಡ ಒಂದೊಂದು ಪುಂಡಾನೆಯನ್ನು ಹಿಡಿಯಲೇಬೇಕಾಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಿಡಿದು ಮುಗಿಸಿಬಿಡುತ್ತೇವೆ ಎಂದು ನಂಬಿ ಕೂತರೆ ನಾಳೆ ಬೆಳಗಿನ ದಾರಿ ಹಾಗೆಯೇ ಇರುತ್ತದೆ.

ಆ ದಾರಿಯಲ್ಲಿ ನಡೆಯುವವರು ಏನೇನು ಕಲಿತಿದ್ದಾರೆ ಎಂಬುದನ್ನು ಕೊಂಚ ನಿಧಾನವಾಗಿ ಹೇಳಬೇಕು. ಏಕೆಂದರೆ ಇದು ಯಾವ ಪಠ್ಯದಲ್ಲೂ ಇಲ್ಲ. ತೋಟದ ಕೂಲಿಯವರ ಲೈನು ಮನೆಯ ಹೆಂಗಸರಿಗೆ ಗೊತ್ತಿರುವಷ್ಟು ತೋಟದ ಮಾಲೀಕರಿಗೆ ಗೊತ್ತಿಲ್ಲ.

ಮೊದಲನೆಯದು ಕಿವಿ. ರೋಬಸ್ಟಾ ತೋಟದೊಳಗೆ ಹತ್ತು ಮಾರು ದೂರದಲ್ಲಿ ನಿಂತ ಆನೆ ಕಾಣುವುದಿಲ್ಲ. ಅಷ್ಟು ದೊಡ್ಡ ಪ್ರಾಣಿ ಅಷ್ಟು ಸದ್ದಿಲ್ಲದೆ ನಿಲ್ಲಬಲ್ಲದು ಎಂಬುದನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಹಾಗಾಗಿ ಕೊಂಬೆ ಮುರಿಯುವ ಸದ್ದು, ಕಿವಿ ಬೀಸುವ ಸದ್ದು, ಹೊಟ್ಟೆಯೊಳಗಿಂದ ಬಂದಂತಿರುವ ಗುಡುಗು, ಇವೆಲ್ಲವನ್ನೂ ಕೇಳಿಸಿಕೊಳ್ಳುತ್ತ ನಡೆಯಬೇಕು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹೋಗುವ ಹುಡುಗರನ್ನು ಅಜ್ಜಿಯಂದಿರು ಬೈಯುವುದು ಇದಕ್ಕೇ. ಮಳೆಗಾಲದ ಕಷ್ಟ ಬೇರೆ. ತಲೆಯ ಮೇಲೆ ಹೊದ್ದ ಪ್ಲಾಸ್ಟಿಕ್ ಕೊಪ್ಪೆಯ ಮೇಲೆ ಹನಿ ಬೀಳುವ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳುವುದಿಲ್ಲ, ಆನೆಯ ಸದ್ದು ಕೇಳುವುದೆಲ್ಲಿ? ಅನುಭವಸ್ಥರು ತಿರುವು ಬಂದಾಗ ಕೊಪ್ಪೆ ಸರಿಸಿ, ನಿಂತು, ನೆನೆದರೂ ಸರಿಯೆಂದು ಒಂದು ಗಳಿಗೆ ಆಲಿಸಿ ಮುಂದೆ ಹೋಗುತ್ತಾರೆ.

ಎರಡನೆಯದು ಬಾಯಿ. ಆನೆಯ ಕಣ್ಣು ಅಷ್ಟು ಚುರುಕಲ್ಲ, ಮೂಗು ಬಹಳ ಚುರುಕು. ಗಾಳಿ ಅದರ ಕಡೆಯಿಂದ ನಮ್ಮ ಕಡೆಗೆ ಬೀಸುತ್ತಿದ್ದರೆ ನಾವು ಬಂದದ್ದು ಅದಕ್ಕೆ ತಿಳಿಯುವುದಿಲ್ಲ. ಅಪಾಯ ಹೆಚ್ಚಾಗಿ ಇರುವುದು ಅಲ್ಲೇ, ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಹತ್ತಿರವಾಗಿಬಿಡುವುದರಲ್ಲಿ. ಅದಕ್ಕೇ ಕೆಲಸದವರು ಜೋರಾಗಿ ಮಾತಾಡುತ್ತ, ಕೆಮ್ಮುತ್ತ, ಕತ್ತಿಯನ್ನು ತಿಂಡಿ ಡಬ್ಬಕ್ಕೆ ಬಡಿಯುತ್ತ ಗುಂಪಾಗಿ ಹೋಗುವುದು. ಹೊಸದಾಗಿ ಬಂದ ಮ್ಯಾನೇಜರು ಇದನ್ನು ಹರಟೆ ಎಂದು ತಿಳಿದು ಗದರುತ್ತಾನೆ. ದೂರದಿಂದಲೇ ಮನುಷ್ಯರ ಧ್ವನಿ ಕೇಳಿದ ಆನೆ ಸಾಮಾನ್ಯವಾಗಿ ತಾನೇ ಪಕ್ಕಕ್ಕೆ ಸರಿಯುತ್ತದೆ. ಆ ಹರಟೆ ಕೆಲಸದ ಒಂದು ಭಾಗ.

ಇನ್ನು ಲದ್ದಿ, ಹೆಜ್ಜೆ. ಲದ್ದಿ ಬಿಸಿಯಿದೆಯೇ, ಹೊಗೆಯಾಡುತ್ತಿದೆಯೇ, ಮೇಲ್ಪದರ ಒಣಗಿದೆಯೇ ಎಂಬುದರ ಮೇಲೆ ಆನೆ ಎಷ್ಟು ಹೊತ್ತಿನ ಹಿಂದೆ ದಾಟಿತು ಎಂದು ಅಂದಾಜು ಮಾಡುತ್ತಾರೆ. ಕೆಸರಿನ ಹೆಜ್ಜೆಯಲ್ಲಿ ನಿಂತ ನೀರು ಇನ್ನೂ ಕದಡಿದ್ದರೆ ಅವತ್ತು ಆ ಕಡೆ ಕೆಲಸವಿಲ್ಲ. ಹೆಜ್ಜೆ ದೊಡ್ಡದೊಂದೇ ಇದ್ದರೆ ಒಂಟಿ ಸಲಗ, ಚಿಕ್ಕದೂ ಬೆರೆತಿದ್ದರೆ ಮರಿ ಇರುವ ಗುಂಪು. ಯಾವುದು ಹೆಚ್ಚು ಅಪಾಯ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮರಿಯ ಪಕ್ಕದ ತಾಯಿಯ ಹತ್ತಿರ ಮಾತ್ರ ಯಾರೂ ಹೋಗಬಯಸುವುದಿಲ್ಲ.

ನಾಯಿಯ ವಿಷಯ ಹೇಳಲೇಬೇಕು. ಮನೆ ಕಾಯಲು ನಾಯಿ ಒಳ್ಳೆಯದು. ರಾತ್ರಿ ಅದು ಬೊಗಳುವ ರೀತಿಯಲ್ಲೇ ಬಂದಿರುವುದು ಹಂದಿಯೋ ಆನೆಯೋ ಎಂದು ಹೇಳಬಲ್ಲವರಿದ್ದಾರೆ. ಅದೇ ನಾಯಿಯನ್ನು ತೋಟಕ್ಕೆ ಕರೆದುಕೊಂಡು ಹೋದರೆ ಕೇಡು. ಅದು ಮುಂದೆ ಓಡಿ ಆನೆಯನ್ನು ಬೊಗಳಿ ಕೆರಳಿಸುತ್ತದೆ. ಆನೆ ಅಟ್ಟಿಸಿಕೊಂಡು ಬಂದಾಗ ನೇರ ಒಡೆಯನ ಕಾಲ ಬುಡಕ್ಕೇ ಓಡಿ ಬರುತ್ತದೆ. ನಾಯಿ ಪಾರಾಗುತ್ತದೆ, ಅದು ನಾಲ್ಕು ಕಾಲಿನದು.

ಮನೆಯ ಸುತ್ತಿನ ಅಭ್ಯಾಸಗಳೂ ಬದಲಾಗಿವೆ. ಹಲಸು ಹಣ್ಣಾಗಿ ಘಮಘಮಿಸುವವರೆಗೆ ಮರದಲ್ಲಿ ಬಿಡುವುದಿಲ್ಲ, ಎಳೆಯದರಲ್ಲೇ ಕೊಯ್ದು ಇಳಿಸುತ್ತಾರೆ. ಕೆಲವರು ಮನೆ ಹತ್ತಿರದ ಹಲಸಿನ ಮರವನ್ನೇ ಕಡಿಸಿಬಿಟ್ಟರು. ಭತ್ತದ ಮೂಟೆ ಜಗುಲಿಯಲ್ಲಿ ಇಡುವುದಿಲ್ಲ. ಉಪ್ಪು, ಬೆಲ್ಲ, ತೌಡು ಹಿಂಬದಿಯ ಕೋಣೆಯಿಂದ ಮನೆಯ ನಡುವಿಗೆ ಬಂದಿವೆ. ಅನೇಕರು ಗದ್ದೆ ಮಾಡುವುದನ್ನೇ ಬಿಟ್ಟಿದ್ದಾರೆ. ಕೂಲಿ ಸಿಗದಿರುವುದು ಒಂದು ಕಾರಣ, ನವೆಂಬರಿನ ಇಡೀ ತಿಂಗಳು ರಾತ್ರಿ ಅಟ್ಟಣೆಯಲ್ಲಿ ಕೂತು ಕಾಯುವ ಶಕ್ತಿ ಇಲ್ಲದಿರುವುದು ಇನ್ನೊಂದು. ಮಲೆನಾಡಿನ ಊಟದ ತಟ್ಟೆಯಿಂದ ಮನೆಯ ಅಕ್ಕಿಯೂ ಹಲಸಿನ ಹಣ್ಣೂ ಹೀಗೆ ಸದ್ದಿಲ್ಲದೆ ಹೊರಟುಹೋದದ್ದನ್ನು ಯಾವ ಪರಿಹಾರದ ಅರ್ಜಿಯಲ್ಲಿ ಬರೆಯುವುದು?

ಇಷ್ಟೆಲ್ಲ ಕಲಿತವರೂ ಸಾಯುತ್ತಾರೆ. ಇದನ್ನು ನೇರವಾಗಿ ಹೇಳದಿದ್ದರೆ ಎಚ್ಚರದ ಬಗ್ಗೆ ಮಾತಾಡುವುದು ಸತ್ತವರನ್ನು ದೂರಿದಂತೆ ಆಗುತ್ತದೆ. 2023ರ ಆಗಸ್ಟ್ ಕೊನೆಯಲ್ಲಿ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡಿದ್ದ ಭೀಮ ಎಂಬ ಸಲಗಕ್ಕೆ ಚಿಕಿತ್ಸೆ ಮಾಡಲು ಹೋದ ತಂಡದಲ್ಲಿ, ಅರಿವಳಿಕೆ ಚುಚ್ಚುಮದ್ದು ಹಾರಿಸುವುದರಲ್ಲಿ ರಾಜ್ಯಕ್ಕೇ ಹೆಸರಾದ ಅನುಭವಿಯೊಬ್ಬರಿದ್ದರು. ಮದ್ದು ತಗುಲಿದ ಆನೆ ತಿರುಗಿ ಬಿತ್ತು, ಅವರು ಉಳಿಯಲಿಲ್ಲ. ಆನೆಯ ಮನಸ್ಸು ಅವರಷ್ಟು ಓದಬಲ್ಲವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಇದ್ದರು? ಮೇಲಾಗಿ ಭೀಮ, ಊರೊಳಗೇ ನಡೆದುಹೋದರೂ ಯಾರಿಗೂ ಏನೂ ಮಾಡದ ಸಾಧು ಎಂದು ಹೆಸರಾಗಿದ್ದ ಆನೆ. ಅದೇ ವರ್ಷದ ಡಿಸೆಂಬರ್ 4ರಂದು ಯಸಳೂರಿನ ದಬ್ಬಳ್ಳಿಕಟ್ಟೆಯ ಬಳಿ ಕಾಡಾನೆಯೊಂದರ ಎದುರು ಸೆಣಸುತ್ತ ಸಾಕಾನೆ ಅರ್ಜುನ ಸತ್ತ. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ 750 ಕಿಲೋ ತೂಕದ ಅಂಬಾರಿ ಹೊತ್ತ ಆನೆ ಅವನು. ನಾಡೆಲ್ಲ ಅತ್ತಿತು, ಅದು ಸರಿಯೇ. ನಮ್ಮ ಕಡೆ ಪ್ರಾಣ ಕಳೆದುಕೊಂಡ ಕೂಲಿಯವರ ಹೆಸರು ಮಾರನೆಯ ದಿನದ ಪತ್ರಿಕೆಯ ಜಿಲ್ಲಾ ಪುಟದಾಚೆಗೆ ಹೋಗುವುದಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕಾಗುತ್ತದೆ.

ಹಾಗಾದರೆ ಎಚ್ಚರವನ್ನು ಒಬ್ಬೊಬ್ಬರ ಮೈಯ ಮೇಲೆ ಹೊರಿಸಿ ಕೈತೊಳೆದುಕೊಳ್ಳಲಾಗದು. ನಾನು ಇವತ್ತು ಹೇಳಬೇಕೆಂದು ಬಂದದ್ದು ಇದನ್ನೇ. ಬೆಳಗ್ಗೆ ಜೀಪಿನಲ್ಲಿ ಹೋಗುವವನಿಗೆ ಈ ಎಚ್ಚರಗಳಲ್ಲಿ ಒಂದೂ ಬೇಕಾಗಿಲ್ಲ. ಲದ್ದಿ ಮುಟ್ಟಿ ನೋಡಬೇಕಾದವಳು, ಕೊಪ್ಪೆ ಸರಿಸಿ ನೆನೆಯಬೇಕಾದವಳು, ಕೆಮ್ಮುತ್ತ ನಡೆಯಬೇಕಾದವಳು ಕಾಲುನಡಿಗೆಯವಳು. ಅದು ಅವಳಿಗೆ ಕೂಲಿಯಿಲ್ಲದ ಹೆಚ್ಚುವರಿ ಕೆಲಸ. ಸೌದೆ ಹೊರೆ ತಲೆಯ ಮೇಲಿದ್ದರೆ ತಿರುಗಿ ನೋಡಲೂ ಆಗುವುದಿಲ್ಲ. ಅಪಾಯವನ್ನು ಹಂಚಿಕೊಂಡಿದ್ದೇವೆ ಎಂದು ಸಭೆಗಳಲ್ಲಿ ಹೇಳುತ್ತೇವಲ್ಲ, ಲೆಕ್ಕ ಮಾಡಿದರೆ ಆ ಪಾಲು ಬಹಳ ಓರೆಯಾಗಿದೆ.

ಇದನ್ನು ಚೆನ್ನಾಗಿ ಅರಿತುಕೊಂಡು ಕೆಲಸ ಮಾಡಿದ ಊರೊಂದು ತಮಿಳುನಾಡಿನ ಆನಮಲೆಯಲ್ಲಿದೆ. ವಾಲ್ಪಾರೆ. ಸುಮಾರು 220 ಚದರ ಕಿಲೋಮೀಟರಿನ ಪ್ರಸ್ಥಭೂಮಿ, ಬಹುಪಾಲು ಚಹಾ ತೋಟ, ಸುತ್ತಲೂ ಕಾಡು. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಎಂ. ಆನಂದ ಕುಮಾರ್ ಮತ್ತು ಗೆಳೆಯರು ಅಲ್ಲಿ ಆನೆಗಳ ಹಿಂದೆ ವರ್ಷಗಟ್ಟಲೆ ನಡೆದರು. ಸತ್ತವರು ಹೇಗೆ ಸತ್ತರು ಎಂದು ಒಂದೊಂದಾಗಿ ಕೇಳಿದರು. ಅವರಿಗೆ ಕಂಡದ್ದು ಸರಳವಾದ ಸಂಗತಿ: ಬಹುಪಾಲು ಜನರಿಗೆ ಆನೆ ಹತ್ತಿರದಲ್ಲಿದೆ ಎಂಬುದೇ ತಿಳಿದಿರಲಿಲ್ಲ. ಕೆಲಸ ಮುಗಿಸಿ, ಪೇಟೆ ಮುಗಿಸಿ, ಬಸ್ಸಿಳಿದು ಕತ್ತಲಲ್ಲಿ ಲೈನು ಮನೆಗೆ ಹೋಗುತ್ತಿದ್ದವರು ಅವರು.

ಅದಕ್ಕೆ ಅವರು ಕಂಡುಕೊಂಡ ಉಪಾಯಗಳೂ ಸರಳ. ಸಂಜೆ ಊರಿನ ಕೇಬಲ್ ಟಿವಿಯಲ್ಲಿ, ಧಾರಾವಾಹಿಯ ಕೆಳಗೆ, ಇವತ್ತು ಆನೆ ಯಾವ ತೋಟದಲ್ಲಿದೆ ಎಂಬ ಸಾಲು ಓಡಿಸಿದರು. 2011ರಿಂದ ಮೊಬೈಲಿಗೆ ಸಂದೇಶ ಕಳಿಸತೊಡಗಿದರು. ಆಯಕಟ್ಟಿನ ಜಾಗಗಳಲ್ಲಿ ಎತ್ತರದ ಕಂಬಕ್ಕೆ ಕೆಂಪು ದೀಪ ಕಟ್ಟಿದರು. ಗೊತ್ತುಪಡಿಸಿದ ಮೊಬೈಲಿನಿಂದ ಒಂದು ಕರೆ ಹೋದರೆ ದೀಪ ಹೊತ್ತಿಕೊಳ್ಳುತ್ತದೆ, ಬಸ್ಸಿಳಿದವರು ದೂರದಿಂದಲೇ ಕಂಡು ನಿಲ್ಲುತ್ತಾರೆ. ಕರೆ ಮಾಡುವವರು ಊರಿನವರೇ. ಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು. ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಂಡದ್ದು ಆ ದೀಪದ ಗುಣ. ಅದಕ್ಕೆ ಸ್ಮಾರ್ಟ್‌ಫೋನು ಬೇಡ, ಅಕ್ಷರ ಬೇಡ, ಭಾಷೆ ಬೇಡ. ಕಾಲುನಡಿಗೆಯವನ ಕಣ್ಣಿಗೆ ಅದು ತಾನಾಗಿ ಬೀಳುತ್ತದೆ.

2017ರ ಸುಮಾರಿಗೆ ಇದೇ ಬಗೆಯ ಮುನ್ಸೂಚನೆಯ ಏರ್ಪಾಡು ಅರಣ್ಯ ಇಲಾಖೆಯ ಜೊತೆಯಲ್ಲಿ ನಮ್ಮ ಜಿಲ್ಲೆಗೂ ಬಂತು. ಸಂದೇಶ, ಧ್ವನಿ ಕರೆ, ರಸ್ತೆ ಬದಿಯ ಎಲ್‌ಇಡಿ ಫಲಕ. ಗುಂಪಿನ ಯಜಮಾನಿ ಹೆಣ್ಣಾನೆಗಳ ಕೊರಳಿಗೆ ರೇಡಿಯೋ ಕಾಲರ್ ಹಾಕಿ ಗುಂಪು ಎಲ್ಲಿದೆ ಎಂದು ನೋಡುವುದೂ ನಡೆಯಿತು. 2022ರ ಕೊನೆಯ ಹೊತ್ತಿಗೆ ಸರ್ಕಾರ ಆನೆ ಕಾರ್ಯಪಡೆಗಳನ್ನು ರಚಿಸಿತು. ಹೆಸರು ಒಂದೇ ಆದರೂ ಇವು 2012ರಲ್ಲಿ ವರದಿ ಕೊಟ್ಟ ಕಾರ್ಯಪಡೆಯಲ್ಲ, ಆನೆಯ ಜಾಡು ಹಿಡಿಯುವ ತಂಡಗಳು. ಜನ ಈಗ 'ಇಟಿಎಫ್‌ನವರು' ಎನ್ನುವುದು ಇವರನ್ನೇ. ಬೆಳಕು ಹರಿಯುವ ಮೊದಲೇ ಈ ಹುಡುಗರು ಹೆಜ್ಜೆ ಹಿಡಿದು ಹೋಗಿ, ಯಾವ ಆನೆ ಎಲ್ಲಿ ನಿಂತಿದೆ ಎಂದು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕುತ್ತಾರೆ. ಆನೆಗಳಿಗೆ ಹೆಸರಿಟ್ಟಿದ್ದಾರೆ: ಭೀಮ, ಕರಡಿ, ವಿಕ್ರಾಂತ್, ಬೀಟಮ್ಮನ ಗುಂಪು. ಹೆಸರಿಟ್ಟಿದ್ದರಿಂದ ಲಾಭವಿದೆ, ಯಾವುದು ಬೆದರಿ ಓಡುತ್ತದೆ, ಯಾವುದು ನಿಂತು ನೋಡುತ್ತದೆ ಎಂದು ತಿಳಿಯುತ್ತದೆ. ನಷ್ಟವೂ ಇದೆ. ಹೆಸರಿಟ್ಟ ಮೇಲೆ ಸಲಿಗೆ ಬರುತ್ತದೆ. ನಮ್ಮ ಭೀಮನೇ ಬಿಡಿ ಎಂದು ಮೊಬೈಲು ಹಿಡಿದು ಹತ್ತಿರ ಹೋಗುವವರಿದ್ದಾರೆ. ಸಂಬಂಧಿಕನಂತೆ ಕಾಣುವ ಆನೆಗೆ ತಾನು ಸಂಬಂಧಿಕ ಎಂಬುದು ಗೊತ್ತಿರುವುದಿಲ್ಲ.

ಈ ಹುಡುಗರ ಶ್ರಮದ ಬಗ್ಗೆ ನನಗೆ ಬಹಳ ಗೌರವವಿದೆ. ಆದರೆ ಅವರು ಹಾಕಿದ ಸುದ್ದಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನೋಡಿ. ಬೆಳಿಗ್ಗೆ ಆರಕ್ಕೆ ಸಾಹುಕಾರರ ಫೋನಿಗೆ ಬರುತ್ತದೆ. ಅವರು ಓದಿ, 'ಓ ಆ ಬ್ಲಾಕಿನಲ್ಲಿ' ಎಂದು ತೋಟದ ಲೆಕ್ಕ ಬರೆಯುವ ರೈಟರಿಗೆ ಕಳಿಸಿದರೆ ಕಳಿಸಿದರು. ರೈಟರು ಮೇಸ್ತ್ರಿಗೆ ಹೇಳಬೇಕು. ಅಷ್ಟರಲ್ಲಿ ಏಳೂವರೆಯಾಗಿ ಹೆಂಗಸರು ಪಕ್ಕದ ಹಳ್ಳಿಯಿಂದ ಅಡ್ಡದಾರಿ ಹಿಡಿದಾಗಿರುತ್ತದೆ. ಈಗ ತೋಟಗಳಲ್ಲಿ ದುಡಿಯುವವರಲ್ಲಿ ಅಸ್ಸಾಮಿನಿಂದ ಬಂದವರು ಬಹಳ. ಅವರ ಫೋನು ನಮ್ಮ ಫೋನಿಗಿಂತ ಹೊಸದು. ಆದರೆ ಸುದ್ದಿ ಕನ್ನಡದಲ್ಲಿರುತ್ತದೆ, ಅವರನ್ನು ಗುಂಪಿಗೆ ಸೇರಿಸಿದವರೂ ಇಲ್ಲ. ಜಾಗದ ಹೆಸರು ಓದಿದರೂ ಆ ಹೆಸರಿನ ಜಾಗ ಎಲ್ಲಿದೆ ಎಂಬುದು ಬಂದು ಹದಿನೈದು ದಿನವಾದವನಿಗೆ ಹೇಗೆ ತಿಳಿಯಬೇಕು? ಆನೆಯ ದಾರಿಯಲ್ಲಿ ನಡೆಯುವವನನ್ನು ಬಿಟ್ಟು ಉಳಿದವರಿಗೆಲ್ಲ ಆನೆ ಎಲ್ಲಿದೆ ಎಂದು ಗೊತ್ತಿರುತ್ತದೆ!

ಅದೇ ವಾಟ್ಸ್ಆ್ಯಪಿನಲ್ಲಿ ಇನ್ನೊಂದು ತಂಟೆ. ಯಾವುದೋ ವರ್ಷದ, ಯಾವುದೋ ಜಿಲ್ಲೆಯ ಆನೆ ವಿಡಿಯೊ 'ಈಗಷ್ಟೇ ನಮ್ಮೂರಲ್ಲಿ' ಎಂಬ ಒಕ್ಕಣೆಯೊಂದಿಗೆ ಬರುತ್ತದೆ. ಮೊದಲ ದಿನ ಊರು ಬಾಗಿಲು ಹಾಕಿಕೊಳ್ಳುತ್ತದೆ, ನಾಲ್ಕನೆಯ ದಿನ ಯಾರೂ ನಂಬುವುದಿಲ್ಲ. ಐದನೆಯ ದಿನ ಬಂದ ಸುದ್ದಿ ನಿಜವಾಗಿರುತ್ತದೆ. ಆನೆ ಸುದ್ದಿ ಹಾಕುವ ಗುಂಪಿನಲ್ಲಿ ಇಲಾಖೆಯ ಕೆಲವರನ್ನು ಬಿಟ್ಟು ಬೇರಾರೂ ಬರೆಯದಂತೆ ಕಟ್ಟುಮಾಡಿದ ಊರುಗಳಿವೆ. ಶುಭೋದಯದ ಚಿತ್ರಗಳಿಗೆ ಬೇರೆ ಗುಂಪು ಮಾಡಿಕೊಳ್ಳಲಿ.

ಒಬ್ಬರ ರಕ್ಷಣೆ ಇನ್ನೊಬ್ಬರ ಅಪಾಯವಾಗುವುದು ನಮ್ಮಲ್ಲಿ ತೀರ ಸಾಮಾನ್ಯ. ರಾತ್ರಿ ಗದ್ದೆಗೆ ಗುಂಪು ಇಳಿದಾಗ ಒಂದು ಊರಿನವರು ಪಟಾಕಿ ಹಚ್ಚಿ, ಕೂಗಿ, ಟ್ರ್ಯಾಕ್ಟರಿನ ದೀಪ ಹಾಯಿಸಿ ಓಡಿಸುತ್ತಾರೆ. ಆನೆ ಓಡುತ್ತದೆ. ಎಲ್ಲಿಗೆ? ಬೆದರಿ, ಸಿಟ್ಟಾಗಿ, ಪಕ್ಕದ ಊರಿಗೆ. ಅಲ್ಲಿ ಯಾರೋ ದನಕ್ಕೆ ಹುಲ್ಲು ಹಾಕಲು ಕೊಟ್ಟಿಗೆಯ ಕಡೆ ಹೊರಟಿರುತ್ತಾರೆ. ಅವರಿಗೆ ಯಾರೂ ಫೋನು ಮಾಡಿರುವುದಿಲ್ಲ. ಓಡಿಸುವ ಮೊದಲು ಆ ಕಡೆಯ ಊರಿಗೆ ಒಂದು ಮಾತು ಹೇಳುವುದು ಈಗಲೂ ಎಲ್ಲ ಕಡೆ ರೂಢಿಯಾಗಿಲ್ಲ. ಮದುವೆ ಸಾವುಗಳಿಗೆ ತಪ್ಪದೆ ಹೇಳಿಕಳಿಸುವ ಊರುಗಳು ಇವು.

ಬೇಲಿಯ ಕತೆಯೂ ಇದೇ. ನನ್ನ ತೋಟಕ್ಕೆ ಸೋಲಾರ್ ಬೇಲಿ ಹಾಕಿದರೆ ಆನೆ ಹಸಿವಿನಿಂದ ಸಾಯುವುದಿಲ್ಲ, ಬೇಲಿ ಹಾಕಲಾಗದ ಎರಡೆಕರೆಯವನ ಬಾಳೆಗೆ ಹೋಗುತ್ತದೆ. ದಾರಿ ಮುಚ್ಚಿದ್ದರಿಂದ ಅದು ಊರಿನ ರಸ್ತೆಗೇ ಇಳಿಯುತ್ತದೆ. ಸೋಲಾರ್ ಬೇಲಿಯಾದರೂ ಹೊಡೆದು ಬಿಡುತ್ತದೆ, ಕೊಲ್ಲುವುದಿಲ್ಲ. ಮನೆಯ ಲೈನಿನಿಂದಲೇ ತಂತಿಗೆ ಕರೆಂಟು ಕೊಡುವವರನ್ನು ಏನೆನ್ನಬೇಕು? ಅದಕ್ಕೆ ಆನೆ ಸತ್ತಿದೆ, ದನ ಸತ್ತಿದೆ, ಕತ್ತಲಲ್ಲಿ ಕಾಲಿಟ್ಟ ಮನುಷ್ಯರೂ ಸತ್ತಿದ್ದಾರೆ. ರೈಲು ಹಳಿಯ ತಡೆಗೋಡೆಯನ್ನು ನಮ್ಮ ಕಡೆ ಬಹಳ ನಂಬುತ್ತಾರೆ. ಉದ್ದಕ್ಕೂ ಒಂದೇ ಸಮನೆ ಇದ್ದರೆ ಅದು ಕೆಲಸ ಮಾಡುತ್ತದೆ. ನಡುವೆ ಎಲ್ಲೋ ಅನುದಾನ ಮುಗಿದು ಬಿಟ್ಟ ಜಾಗ ಇದ್ದರೆ ಆನೆಗಳೆಲ್ಲ ಅಲ್ಲೇ ದಾಟುತ್ತವೆ, ಆ ಬಿಟ್ಟ ಜಾಗದ ಎದುರಿಗೆ ಮನೆಯಿರುವವನು ಊರಿನ ಪಾಲಿನ ಹೆಬ್ಬಾಗಿಲು ಕಾಯುವವನಾಗುತ್ತಾನೆ.

ಇನ್ನು ಏರ್ಪಾಡುಗಳ ಮಾತು. ಇಲ್ಲಿ ನನ್ನಂಥ ತೋಟದವರೂ ಕೂತಿದ್ದೀರಿ, ಸ್ವಲ್ಪ ಇರಿಸುಮುರಿಸಾಗಬಹುದು.

ಕೆಲಸ ಶುರುವಾಗುವ ಹೊತ್ತನ್ನು ಮುಕ್ಕಾಲು ಗಂಟೆ ಮುಂದೆ ಹಾಕುವುದಕ್ಕೆ ಖರ್ಚಿಲ್ಲ. ಮಬ್ಬು ಮುಂಜಾನೆ ಮತ್ತು ಮುಸ್ಸಂಜೆ ಆನೆ ಜಾಗ ಬದಲಿಸುವ ಸಮಯ. ಬಿಸಿಲೇರಿದ ಮೇಲೆ ಹೊರಟು ಬೆಳಕಿರುವಾಗಲೇ ಬಿಟ್ಟರೆ ಅರ್ಧ ಅಪಾಯ ತಪ್ಪುತ್ತದೆ. ಇದನ್ನು ಮಾಡಿದ ತೋಟಗಳಿವೆ. ಮಾಡದವರು ಹಣ್ಣಿನ ಕಾಲದಲ್ಲಿ ಅಷ್ಟು ಹೊತ್ತು ಹೋದರೆ ಕೊಯ್ಲು ಹಿಂದೆ ಬೀಳುತ್ತದೆ ಎನ್ನುತ್ತಾರೆ. ಬೀಳುತ್ತದೆ, ನಿಜ. ಕೊಯ್ದ ಹಣ್ಣಿನ ತೂಕ ಹಾಕಿ ಮುಗಿಯುವಾಗ ಕತ್ತಲಾಗುವುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಣದಲ್ಲಿ ತಕ್ಕಡಿ ಬೇಗ ತೂಗಿದರೆ ಇಪ್ಪತ್ತು ಹೆಂಗಸರು ಬೆಳಕಿನಲ್ಲಿ ಮನೆ ಸೇರುತ್ತಾರೆ.

ವಾಹನಕ್ಕೆ ಖರ್ಚಿದೆ. ಕೆಲಸದವರನ್ನು ಪಿಕಪ್ಪಿನಲ್ಲಿ ಕರೆದುತಂದು ಬಿಡುವ ರೂಢಿ ಹೆಚ್ಚಿದೆ, ಆದರೆ ಅದು ಕೂಲಿಯವರು ಸಿಗದ ತಿಂಗಳುಗಳಲ್ಲಿ ಚುರುಕಾಗಿ, ಸಿಗುವ ತಿಂಗಳುಗಳಲ್ಲಿ ಮಂದವಾಗುತ್ತದೆ. ಸಣ್ಣ ಹಿಡುವಳಿದಾರರು ನಾಲ್ಕೈದು ಜನ ಸೇರಿ ಒಂದು ಗಾಡಿ ಗೊತ್ತುಮಾಡಬಹುದು. ಶಾಲೆಯ ಮಕ್ಕಳಿಗೂ ಅದೇ ಗಾಡಿ ಆಗುತ್ತದೆ. ಆನೆ ಸುದ್ದಿ ಬಂದ ದಿನ ಶಾಲೆಗೆ ರಜೆ ಕೊಡುವುದೊಂದೇ ನಮಗೆ ಗೊತ್ತಿರುವ ಉಪಾಯವಾದರೆ, ಕಾಡಂಚಿನ ಮಗು ವರ್ಷಕ್ಕೆ ಎಷ್ಟು ದಿನ ಪಾಠ ಕಳೆದುಕೊಳ್ಳಬೇಕು?

ಶೌಚಾಲಯದ ವಿಷಯವನ್ನು ಆನೆ ಸಭೆಗಳಲ್ಲಿ ಎತ್ತಿದರೆ ಜನ ಮುಖ ಮುಖ ನೋಡುತ್ತಾರೆ. ಲೈನು ಮನೆಗಳಿಗೆ ಕಟ್ಟಿಸಿದ ಶೌಚಾಲಯ ಎಷ್ಟೋ ಕಡೆ ಐವತ್ತು ಹೆಜ್ಜೆ ದೂರ, ಕಾಫಿ ಗಿಡದ ಮರೆಯಲ್ಲಿ. ನೀರಿಲ್ಲ, ದೀಪವಿಲ್ಲ. ಬೆಳಗಿನ ಜಾವ ಹೆಂಗಸರು ಅಲ್ಲಿಗೂ ಹೋಗದೆ ಇನ್ನೂ ಆಚೆ ಹೋಗುತ್ತಾರೆ. ಮನೆಗೆ ಅಂಟಿದಂತೆ ಒಂದು ಶೌಚಾಲಯ, ಅದರ ಪಕ್ಕ ಒಂದು ನಲ್ಲಿ, ಸೌದೆಯ ಬದಲು ಗ್ಯಾಸ್ ಸಿಲಿಂಡರು. ಇವುಗಳನ್ನು ನಾವು ಆನೆ ತಡೆಯುವ ಕಾಮಗಾರಿ ಎಂದು ಎಣಿಸುವುದೇ ಇಲ್ಲ. ಕಂದಕ ತೋಡಿದರೆ ಮಾತ್ರ ಕಾಮಗಾರಿ.

ಕುಡಿತದ ಮಾತನ್ನು ಬಿಟ್ಟರೆ ಪ್ರಾಮಾಣಿಕವಾಗುವುದಿಲ್ಲ. ವಾರದ ಬಟವಾಡೆಯ ಸಂಜೆ, ಸಂತೆಯಿಂದ ಕತ್ತಲಲ್ಲಿ ತೂರಾಡುತ್ತ ಬರುವವನಿಗೆ ಆನೆಯೂ ಒಂದೇ, ಮೋರಿಯೂ ಒಂದೇ. 'ಕುಡಿದಿದ್ದ, ಸತ್ತ' ಎಂದು ಮುಗಿಸಿಬಿಡುವುದು ಸುಲಭ. ಬಟವಾಡೆಯನ್ನು ಮಧ್ಯಾಹ್ನವೇ ಮಾಡಿ, ಅವತ್ತು ಸಂಜೆ ಸಂತೆಯಿಂದ ಒಂದು ಗಾಡಿ ಓಡಿಸಿದರೆ ಅವನೂ ಮನೆ ಸೇರುತ್ತಾನೆ. ಮದ್ಯವರ್ಜನದ ಶಿಬಿರವನ್ನು ಆಮೇಲೆ ನಡೆಸಬಹುದು.

ಕಾಡಾನೆಯಿಂದ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರ 2022ರ ಕೊನೆಯಲ್ಲಿ ಏಳೂವರೆ ಲಕ್ಷದಿಂದ 15 ಲಕ್ಷ ರೂಪಾಯಿಗೆ ಏರಿತು. ಆಮೇಲೆ ಇನ್ನೂ ಏರಿಸುವ ಮಾತು ಬಂತು. ಏರಲಿ, ಬೇಡ ಎನ್ನುವವನಲ್ಲ ನಾನು. ಆ ಒಂದು ಪರಿಹಾರದ ಮೊತ್ತದಲ್ಲಿ ಒಂದು ಪಂಚಾಯಿತಿಯ ಕಾಲುದಾರಿಗಳ ಪೊದೆ ಸವರಿ, ತಿರುವುಗಳಿಗೆ ದೀಪ ಹಾಕಿ, ವರ್ಷವಿಡೀ ಒಂದು ಗಾಡಿ ಓಡಿಸಬಹುದಲ್ಲ ಎಂದು ಮನಸ್ಸು ಲೆಕ್ಕ ಹಾಕುವುದನ್ನು ನಿಲ್ಲಿಸಲಾರೆ. ಸತ್ತ ಮೇಲೆ ಕೊಡುವ ಹಣಕ್ಕೆ ತಲೆಬರಹವಿದೆ, ಆದೇಶವಿದೆ, ಚೆಕ್ಕು ಕೊಡುವಾಗ ಫೋಟೊ ಇದೆ. ಸಾಯದಂತೆ ನೋಡಿಕೊಳ್ಳಲು ಮಾಡುವ ಸಣ್ಣ ಖರ್ಚಿಗೆ ಪಂಚಾಯಿತಿಯ ಲೆಕ್ಕಪುಸ್ತಕದಲ್ಲಿ ಒಂದು ಸಾಲೂ ಇಲ್ಲ.

2023ರ ಗಣತಿಯಲ್ಲಿ ಕರ್ನಾಟಕದಲ್ಲಿ ಅಂದಾಜು 6,395 ಆನೆಗಳಿವೆ ಎಂದು ಬಂತು. ದೇಶದಲ್ಲೇ ಹೆಚ್ಚು ಎಂದು ಹೆಮ್ಮೆಪಟ್ಟೆವು. ಅವುಗಳಲ್ಲಿ ನಮ್ಮ ಜಿಲ್ಲೆಯ ತೋಟಗಳಲ್ಲಿರುವವು ಸಣ್ಣ ಪಾಲು. ಆ ಸಣ್ಣ ಪಾಲಿನ ನಡುವೆ ಬದುಕುವ ವಿಧಾನವನ್ನು ಕಲಿಯುತ್ತಿರುವವರು ಕೂಲಿಯವರು ಮತ್ತು ದಿನಗೂಲಿ ಕಾವಲುಗಾರರು. ಅವರ ಹತ್ತಿರ ಕೂತು ಕೇಳಿ ಬರೆದುಕೊಳ್ಳುವ ಕೆಲಸವನ್ನು ಈ ಊರಿನ ಕಾಲೇಜುಗಳು ಮಾಡಬಹುದು. ಯಾವ ದಾರಿ, ಯಾವ ತಿಂಗಳು, ಎಷ್ಟು ಹೊತ್ತಿಗೆ, ಯಾರು ನಡೆಯುತ್ತಾರೆ. ನಮ್ಮಲ್ಲಿ ಆನೆಗಳ ನಕ್ಷೆ ಇದೆ, ನಡೆಯುವವರ ನಕ್ಷೆ ಇಲ್ಲ.

ಕೊನೆಯದಾಗಿ, ತುರ್ತಾದ ಒಂದು ವಿಷಯ. ಈಗ ಮಾಡಿರುವ ಏರ್ಪಾಡೆಲ್ಲ ಕರೆಂಟು ಮತ್ತು ಟವರಿನ ಮೇಲೆ ನಿಂತಿದೆ. ಜೂನ್ ಎರಡನೆಯ ವಾರದಿಂದ ಯಸಳೂರು, ಹೆತ್ತೂರು ಕಡೆ ಮರ ಬಿದ್ದು ದಿನಗಟ್ಟಲೆ ಕರೆಂಟಿರುವುದಿಲ್ಲ. ಟವರಿನ ಬ್ಯಾಟರಿ ಮುಗಿದರೆ ಫೋನೂ ಇಲ್ಲ, ಫಲಕವೂ ಕಪ್ಪು. ಕೊಯ್ಯದೆ ಉಳಿದ ಹಲಸು ಹಣ್ಣಾಗಿ ಆನೆ ಮನೆಯಂಗಳಕ್ಕೆ ಬರುವುದೂ, ಕೊಪ್ಪೆಯೊಳಗೆ ಏನೂ ಕೇಳಿಸದೆ ಜನ ಗೊಬ್ಬರ ಹಾಕಲು ಹೋಗುವುದೂ ಅದೇ ತಿಂಗಳುಗಳಲ್ಲಿ. ಆ ದಿನಗಳಿಗೆ ಪ್ರತಿ ಲೈನಿಗೆ, ಪ್ರತಿ ಹಟ್ಟಿಗೆ ಒಬ್ಬರನ್ನು ಗೊತ್ತುಮಾಡಿ, ಕೂಲಿ ಕೊಟ್ಟು, ಬೆಳಿಗ್ಗೆ ಕಾವಲುಗಾರರನ್ನು ಕಂಡು ಬಂದು ಮನೆಮನೆಗೆ ಬಾಯಿಮಾತಿನಲ್ಲಿ ಹೇಳುವಂತೆ ಮಾಡಬೇಕು. ಅಸ್ಸಾಮಿನವರ ಲೈನಿಗೆ ಅವರಲ್ಲೇ ಒಬ್ಬರು ಇರಲಿ. ಜಾಗಟೆಯೋ, ತಗಡೋ, ಏನಾದರೊಂದು ಗುರುತಿನ ಸದ್ದು ಮೊದಲೇ ಒಪ್ಪಿಕೊಂಡಿರಲಿ. ಪಂಚಾಯಿತಿಯೂ ಬೆಳೆಗಾರರ ಸಂಘವೂ ಅರ್ಧರ್ಧ ಹಾಕಿದರೆ ಆಗುವ ಖರ್ಚು ಇದು. ಮುಂಗಾರು ಹಿಡಿಯುವುದಕ್ಕೆ ಇನ್ನೂ ಸಮಯವಿದೆ. ಸಂಘದ ಪದಾಧಿಕಾರಿಗಳು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದೀರಿ, ಚಹಾದ ಹೊತ್ತಿನಲ್ಲಿ ನಿಮ್ಮನ್ನು ಹಿಡಿದುಕೊಳ್ಳುತ್ತೇನೆ.